ಬಾಯಾರ ಬಣ್ಣವಿಲ್ಲದ ಫೋಟೋ

ಸುಗ್ಗಿ ಮುಗಿಯುತ್ತ ಬಂತೆಂದರೆ ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ನನ್ನ ಫೋಟೋ ಸ್ಟುಡಿಯೋಕ್ಕೆ ಹಳ್ಳಿ ನಾಟಕದ ಹುಡುಗರು ಬರತೊಡಗುತ್ತಾರೆ. ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲಿ ಗಂಡು ಪಾತ್ರಗಳನ್ನು ಊರಿನವರೇ ಮಾಡುತ್ತಾರೆ, ಹೆಣ್ಣು ಪಾತ್ರಗಳಿಗೆ ಗದಗದಂಥ ಊರಿನಿಂದ ಕಲಾವಿದೆಯರನ್ನು ಗೊತ್ತು ಮಾಡಿ ಕರೆಸುತ್ತಾರೆ. ಅದಕ್ಕೆ ಮೊದಲು ಹ್ಯಾಂಡ್‌ಬಿಲ್ ಆಗಬೇಕು. ಅದರಲ್ಲಿ ನಾಟಕದ ಹೆಸರು ಸಣ್ಣದಿದ್ದರೂ ನಡೆಯುತ್ತದೆ, ಫೋಟೋ ಮಾತ್ರ ಒಂದೂ ತಪ್ಪುವಂತಿಲ್ಲ. ಊರ ಹಿರಿಯರು, ಪರದೆ ಕೊಡಿಸಿದವರು, ಚಹಾದ ಖರ್ಚು ನೋಡಿಕೊಂಡವರು, ಎಲ್ಲರೂ ಕೈ ಮುಗಿದು ನಿಂತಿರಬೇಕು. ನಡುವೆ, ಎಲ್ಲರಿಗಿಂತ ದೊಡ್ಡದಾಗಿ, ಕಲಾವಿದೆಯರು.

ಮೊನ್ನೆ ಹಿರೇವಡ್ಡಟ್ಟಿಯ ಹುಡುಗರು ಬಂದಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತು, ಅಭ್ಯಾಸಬಲದಿಂದ, ನಮ್ಮ ಹಳೆಯ ಕಲಾವಿದೆ ಬಾಯಾರ ಫೋಟೋವನ್ನು ಎಳೆದು ತಂದು ನಡುವೆ ಕೂಡಿಸಿಬಿಟ್ಟೆ.

“ಅವರು ಈ ಸಲ ಬರಂಗಿಲ್ಲಂತ್ರಿ. ಮೊಣಕಾಲು ಹಿಡದಾವಂತ, ಬಣ್ಣ ಹಚ್ಚೂದ ಬಿಟ್ಟಾರಂತ,” ಎಂದ ಒಬ್ಬ.

ನನಗೆ ಗೊತ್ತಿತ್ತು. ಫೋಟೋ ಅಳಿಸಿದೆ, ನಡುವೆ ಖಾಲಿ ಜಾಗ ಉಳಿಯಿತು. ಅಲ್ಲಿ ಬೇರೆ ಒಬ್ಬ ಹುಡುಗಿಯ ಫೋಟೋ ಹಾಕಿದೆ. ಚೆಂದದ ಹುಡುಗಿಯೇ. ಆದರೆ ವಿನಾಕಾರಣ ಆಕೆಯ ಮೇಲೆ ಸಿಟ್ಟು ಬಂತು. ಹುಡುಗರು ಹೋದ ಮೇಲೆ ಒಂದು ಕಪ್ ಚಹಾ ತರಿಸಿಕೊಂಡು ಸುಮ್ಮನೆ ಕೂತೆ. ಈ ಬರಹ ಆಗ ತಲೆಗೆ ಬಂದದ್ದು.

ನಾಟಕದ ಹೆಣ್ಣುಮಕ್ಕಳನ್ನು ಬಾಯಾರು ಎನ್ನುವುದು ನಮ್ಮಲ್ಲಿ ರೂಢಿ. ಎದುರಿಗೆ ನಾನು ಅಕ್ಕಾರ ಅನ್ನುತ್ತಿದ್ದೆ, ಅವರು ನನಗೆ ತಮ್ಮಾ ಅನ್ನುತ್ತಿದ್ದರು. ಹ್ಯಾಂಡ್‌ಬಿಲ್ಲಿನಲ್ಲಿ ಅವರಿಗೊಂದು ಹೆಸರಿತ್ತು, ಅದು ಹಿಂದೆ ಯಾವುದೋ ನಾಟಕ ಕಂಪನಿಯವರು ಇಟ್ಟದ್ದು. ಅದರ ಮೊದಲಿಗೆ ಯಾವಾಗಲೂ ‘ಕುಮಾರಿ’. ಮದುವೆಯಾಗಿ, ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಗಂಡ ತೀರಿಕೊಂಡು, ತಲೆ ಹಣ್ಣಾದರೂ ಅವರು ಕುಮಾರಿಯೇ. ನಾನು ಒಮ್ಮೆ ಚೇಷ್ಟೆ ಮಾಡಿದ್ದಕ್ಕೆ, “ಕುಮಾರಿ ಅಂತ ಬರೀಲಿಲ್ಲಂದ್ರ ಸೀಟಿ ಹೊಡಿಯಾಕ ಹುಡುಗರು ಎಲ್ಲಿಂದ ಬರ್ತಾರೋ ತಮ್ಮಾ?” ಅಂದಿದ್ದರು.

ಗಿಡ್ಡ ಆಳು, ಎಣ್ಣೆಗಪ್ಪು ಮೈಬಣ್ಣ, ಅಗಲವಾದ ಹಣೆ. ದನಿ ಎಂಥದೆಂದರೆ, ನನ್ನ ಸ್ಟುಡಿಯೋದಲ್ಲಿ ಕೂತು ಅವರು “ಏನಂತೀ?” ಎಂದರೆ ಎದುರಿನ ಮಗ್ಗದ ಮನೆಯವರು ಕೆಲಸ ನಿಲ್ಲಿಸಿ “ಏನಿಲ್ರೀ” ಎನ್ನುತ್ತಿದ್ದರು. ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಹೊಯ್ದುಕೊಂಡು, ಮೂರು ಸಲ ಊದಿ, ಕಣ್ಣು ಮುಚ್ಚಿ ಕುಡಿಯುವರು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದು.

ಅವರ ಹ್ಯಾಂಡ್‌ಬಿಲ್ ಫೋಟೋ ನಮ್ಮಪ್ಪ ತೆಗೆದದ್ದು. ಕೆನ್ನೆಗೆ ಬೆರಳು, ಮುಡಿಯಲ್ಲಿ ಮಾರುದ್ದ ಮಲ್ಲಿಗೆ, ಕಣ್ಣು ಮಾಳಿಗೆಯ ಕಡೆಗೆ. ವರ್ಷಗಟ್ಟಲೆ ಅದೇ ಫೋಟೋ ನಡೆಯಿತು. ಒಮ್ಮೆ ಹಿರೇಹಂದಿಗೋಳದ ಹುಡುಗರು ಅವರನ್ನು ಕರೆದೊಯ್ಯಲು ಬಸ್ ಸ್ಟಾಪಿಗೆ ಬಂದು, ಕೈಯಲ್ಲಿ ಹ್ಯಾಂಡ್‌ಬಿಲ್ ಹಿಡಿದುಕೊಂಡು, ಇವರ ಎದುರಿಗೇ ಎರಡು ಸಲ ಹಾದುಹೋದರಂತೆ. ಕಡೆಗೆ ಇವರನ್ನೇ ಕೇಳಿದರಂತೆ, “ಬೇ ಯವ್ವಾ, ಇಲ್ಲೆ ಹೀರೋಯಿನ್ ಇಳದ್ಲೇನು?” “ಇಳದಾಳಪ್ಪಾ. ಈ ಟ್ರಂಕ್ ಹೊತಗೊಂಡು ನಡೀರಿ, ತೋರಸ್ತೀನಿ” ಎಂದು ಊರ ತನಕ ಟ್ರಂಕು ಹೊರಿಸಿದ್ದರು. ಇದನ್ನು ಹೇಳುವಾಗ ಆ ಹುಡುಗರ ಪಾತ್ರವನ್ನೂ ಅವರೇ ಮಾಡಿ ತೋರಿಸಿ, ನಮಗೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದರು.

ಇನ್ನೊಂದು ಲಕ್ಷ್ಮೇಶ್ವರದ್ದು. ನಮ್ಮ ನಾಟಕಗಳಲ್ಲಿ ಪಾತ್ರ ಮನಸ್ಸಿಗೆ ಹಿಡಿಸಿದರೆ ಜನ ನಡುವೆಯೇ ಸ್ಟೇಜ್ ಹತ್ತಿ ಉಡುಗೊರೆ ಕೊಡುತ್ತಾರೆ. ಅದಕ್ಕೆ ಆಯೇರಿ ಮಾಡುವುದು ಎನ್ನುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿದ ಮೇಲೆ ನಾಟಕ ಮುಂದುವರಿಯಬೇಕು. ಅವತ್ತು ಬಾಯಾರು ಮಗನ ತೊಡೆಯ ಮೇಲೆ ಸತ್ತು ಮಲಗಿದ್ದಾರೆ, ಜನ ಗೊಳೋ ಎಂದು ಅಳುತ್ತಿದ್ದಾರೆ, ಅಷ್ಟರಲ್ಲಿ ಒಬ್ಬ ವ್ಯಾಪಾರಿ ಸೀರೆ ಹಿಡಿದುಕೊಂಡು ಸ್ಟೇಜ್ ಹತ್ತಿಬಿಟ್ಟ. ಇವರು ಒಂದು ಕಣ್ಣು ತೆರೆದು ನೋಡಿ, ಎದ್ದು ಕೂತು, ಸೀರೆ ಇಸಕೊಂಡು, ಜನಕ್ಕೆಲ್ಲ ಕೈ ಮುಗಿದು, ಸೆರಗು ಸರಿ ಮಾಡಿಕೊಂಡು ಮತ್ತೆ ಸತ್ತರು. ಜನ ಮತ್ತೆ ಅತ್ತರು. “ಜೀವಂತ ಇದ್ದಾಗ ಯಾರು ಮಾಡ್ತಾರೋ? ಸತ್ತಾಗರೆ ಮಾಡ್ತಾರಲ್ಲ, ಎದ್ದು ತಗೊಬೇಕು,” ಎನ್ನುವರು.

ಆದರೆ ಅವರಿಗೆ ತುಂಬ ಪ್ರಿಯವಾದ ಕಥೆ ಬಸ್ಸಿನದು. ಬೆಳಗ್ಗೆ ನಾಟಕ ಮುಗಿದ ಮೇಲೆ ಬಣ್ಣ ತೆಗೆದು, ಹಳೆಯ ಇಲಕಲ್ ಸೀರೆ ಉಟ್ಟು, ಬಸ್ಸು ಹತ್ತಿ ಹೆಂಗಸರ ಸೀಟಿನಲ್ಲಿ ಕೂತುಬಿಟ್ಟರೆ ಅವರನ್ನು ಯಾರೂ ಗುರುತಿಸುತ್ತಿರಲಿಲ್ಲ. ಶಿರಹಟ್ಟಿಯಿಂದ ಬರುವಾಗ ಪಕ್ಕದ ಹೆಣ್ಣುಮಗಳೊಬ್ಬಳು ರಾತ್ರಿಯ ನಾಟಕದ್ದೇ ಮಾತು ತೆಗೆದು, “ಆ ನಾಟಕದಾಕಿ ಏನ್ ಅತ್ಲವಾ! ನಮ್ಮ ಹೊಟ್ಟೀ ಒಳಗ ಕೈ ಹಾಕಿದಂಗಾತು. ಆದ್ರ ಅಂಥಾಕಿ ಮನಿ ಹೆಂಗಿದ್ದೀತು, ಹೇಳು?” ಅಂದಳಂತೆ. ಇವರು “ಯಾರಿಗ್ ಗೊತ್ತವಾ” ಎಂದು ಆಕೆಯ ಚೀಲದಿಂದ ಶೇಂಗಾ ಈಸಿಕೊಂಡು ತಿನ್ನುತ್ತ ಬಂದರಂತೆ.

“ಬಣ್ಣದ್ದು ಮಂದೀ ಮಾರಿ, ತಮ್ಮಾ. ಇದು ನಂದು. ಇದನ್ನ ಯಾರಿಗೂ ಕೊಡಾಂಗಿಲ್ಲ,” ಎಂದು ಎರಡೂ ಕೈಯಿಂದ ಕೆನ್ನೆ ಸವರಿಕೊಳ್ಳುವರು. ಮುಖಕ್ಕೆ ನಮ್ಮ ಕಡೆ ಮಾರಿ ಎನ್ನುತ್ತಾರೆ.

ನಾನು ಇದನ್ನು ಬರೀ ಮಾತು ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಸಿನಿಮಾ ಕ್ಯಾಮೆರಾ ಕೆಲಸ ಮಾಡುವ ಗೆಳೆಯನೊಬ್ಬ ನನ್ನ ಮೊಬೈಲಿಗೆ ಒಂದು ಸಂದೇಶ ಕಳಿಸಿದ. ನಮ್ಮ ಕಡೆಯ ಮಾತು ಬಲ್ಲ, ತಾಯಿ ಪಾತ್ರಕ್ಕೆ ಹೊಂದುವ ಕಲಾವಿದೆ ಬೇಕಾಗಿದ್ದಾರೆ. ಮೇಕಪ್ ಇಲ್ಲದ ಒಂದು ಫೋಟೋ, ಒಂದೇ ಪುಟದ ಪರಿಚಯಪತ್ರ ಕಳಿಸಿ. ನಾನು ಅದನ್ನು ಬಾಯಾರಿಗೆ ಓದಿ ಹೇಳಿದೆ. ಅವರು ಬಸಿ ಕೆಳಗಿಟ್ಟರು. ಚಹಾ ಕುಡಿಯುವಾಗ ಅವರು ಬಸಿ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಸ್ಟೇಜಿನ ಮ್ಯಾಲ ಮಾಡಿದ್ದು ಮುಂಜಾನೆ ಆಗೂದ್ರಾಗ ಹೋಗಿಬಿಡತೈತಿ. ಸಿನಿಮಾದಾಗಾದ್ರ ಉಳೀತೈತಲ್ಲೋ,” ಅಂದರು. “ಕಳಸೂಣು.”

ಮರುದಿನ ಬಂದರು ನೋಡಿ! ಮುಖಕ್ಕೆ ಬಿಳಿ ಬಣ್ಣ, ಹುಬ್ಬಿಗೆ ಕಾಡಿಗೆ, ಕೆನ್ನೆಗೆ ಕೆಂಪು, ತಲೆಗೆ ಕಪ್ಪು ಕೂದಲಿನ ಚವರಿ. ನಾನು ತಲೆಗೆ ಕೈ ಹಚ್ಚಿಕೊಂಡೆ.

“ಅಕ್ಕಾರ, ಬಣ್ಣ ಬ್ಯಾಡಂದಾರ್ರೀ.”

“ಇದು ಬಣ್ಣೇನಲೇ? ಲೈಟ್ ಆಗಿ ಒಂದ್ ಕೈ ಹಚ್ಚೀನಿ.”

ಫೋಟೋದವನಾಗಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಊರಿನ ಜನಕ್ಕೆ ಫೋಟೋ ಎಂದರೆ ತಮಗಿರುವ ಮುಖವಲ್ಲ, ತಮಗೆ ಬರಬೇಕಾಗಿದ್ದ ಮುಖ. ಕಪ್ಪಿದ್ದವರನ್ನು ಕೆಂಪಗೆ, ಕೆಂಪಗಿದ್ದವರನ್ನು ಇನ್ನಷ್ಟು ಕೆಂಪಗೆ ಮಾಡಿಯೇ ನಾನು ಮನೆ ನಡೆಸಿದವನು. ಅಂಥವನು ಅವತ್ತು, ಬಣ್ಣ ಅಳಿಸಿಕೊಂಡು ಬನ್ನಿ ಎಂದು ಉಪದೇಶ ಮಾಡಬೇಕಾಯಿತು. ಗೆಳೆಯ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದ. ಫೋಟೋದಲ್ಲಿ ಎದೆಯಿಂದ ಮೇಲೆ ಮಾತ್ರ ಬರಬೇಕು, ಹಿಂದೆ ಖಾಲಿ ಗೋಡೆ, ಕಿಟಕಿಯ ಬೆಳಕು, ಕಣ್ಣು ನೇರ ಕ್ಯಾಮೆರಾದಲ್ಲಿ. ಸುಕ್ಕು ತಿದ್ದಬಾರದು. ಫೋಟೋ ನೋಡಿ ಕರೆಸಿದವರು, ಬಾಗಿಲಲ್ಲಿ ಬಂದು ನಿಂತವರನ್ನು ನೋಡಿ ಇವರ್ಯಾರು ಎನ್ನಬಾರದು. ನಾನು ಹಿರೇಹಂದಿಗೋಳದ ಟ್ರಂಕಿನ ಕಥೆ ನೆನಪಿಸಿದೆ. ಅವರು ನಗಲಿಲ್ಲ.

“ಬಣ್ಣ ಇಲ್ಲದ್ದು ತಗಿಯಾಕ ಬರಂಗಿಲ್ಲ,” ಎಂದರು. ನಾನು ಒತ್ತಾಯ ಮಾಡಿದ ಮೇಲೆ ಬೆಂಚಿನ ಮೇಲೆ ಕೂತು ಹೇಳಿದರು.

ಅವರ ಊರು ಗದಗ ಅಲ್ಲ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿ, ಹೊಳೆ ದಂಡೆಯ ಊರು. ಒಕ್ಕಲುತನದ ಮನೆ. ತಂದೆ ಇರಲಿಲ್ಲ, ಅಣ್ಣನೇ ಯಜಮಾನ. ಹದಿನೇಳರ ಹುಡುಗಿ, ಮುಂಡರಗಿಯಲ್ಲಿ ಟೆಂಟ್ ಹಾಕಿದ್ದ ನಾಟಕ ಕಂಪನಿಯ ಜೊತೆ ಹೊರಟುಬಿಟ್ಟಿದ್ದಳು. ಕೆಲವು ತಿಂಗಳು ಕಳೆದು ಅವ್ವನನ್ನು ನೋಡಲು ಬಂದಾಗ ಅಣ್ಣ ಹೊಸ್ತಿಲಲ್ಲೇ ನಿಲ್ಲಿಸಿ, “ಇನ್ನ ಈ ಊರಿಗೆ ಮಾರಿ ತೋರಸಬ್ಯಾಡ” ಎಂದಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳಂತೆ. ಬಡಿಯುವ ಸಪ್ಪಳ ನಿಂತಿತು, ಆದರೆ ಆಕೆ ಹೊರಗೆ ಬರಲಿಲ್ಲ. ಇವರು ಹೊಸ್ತಿಲಲ್ಲೇ “ಆತು, ತೋರಸೂದಿಲ್ಲ” ಎಂದು ಮಾತು ಕೊಟ್ಟು ತಿರುಗಿ ಬಂದರು. ಅವ್ವ ಸತ್ತಾಗ ಖಬರು ಮುಟ್ಟಿದ್ದು ಹದಿನೈದು ದಿನದ ಮೇಲೆ.

“ಆದ್ರ ನಾ ಅಲ್ಲೆ ನಾಟಕ ಮಾಡೀನಿ!” ಎಂದರು ತಟ್ಟನೆ, ಕಣ್ಣಲ್ಲಿ ಒಂದು ತುಂಟತನ ತಂದುಕೊಂಡು. “ಆ ಊರವರೂ ಬಂದು ಕರದ್ರು, ಗದಗಿನ ಕುಮಾರಿ ಬೇಕು ಅಂತ. ಇಪ್ಪತ್ತು ವರ್ಷ ಆಗಿತ್ತು, ಯಾರಿಗೂ ಗುರುತು ಇರಲಿಲ್ಲ. ನಾ ಬಸ್ ಇಳಿಯೂಕಿಂತ ಮೊದಲ, ಮುಂಡರಗಿ ಒಳಗ ಬಣ್ಣ ಹಚಗೊಂಡು ಹೋದೆ. ಬಣ್ಣ ಇಟಗೊಂಡ ತಿರಗಿ ಬಂದೆ. ನಮ್ಮಣ್ಣ ಸ್ಟೇಜ್ ಹತ್ತಿ ಬಂದು ಆಯೇರಿ ಮಾಡಿದ. ಕೈಯಾಗ ಕೊಟ್ಟ, ಮಾರೀನೂ ನೋಡಿದ. ಅಂವ ನೋಡಿದ್ದು ಬಣ್ಣಾನ ತಮ್ಮಾ, ನನ್ನ ಮಾರಿ ಅಲ್ಲ. ನಾ ಮಾತು ಮುರೀಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಣ್ಣ ಸಿಟ್ಟಿನಲ್ಲಿ ಆಡಿದ ಮಾತನ್ನು ಇವರು ಅಕ್ಷರಕ್ಕೆ ಅಕ್ಷರ ಹಿಡಿದುಕೊಂಡು ಬದುಕಿದ್ದರು. ಈಗ ಬಣ್ಣವಿಲ್ಲದ ಮುಖ ಸಿನಿಮಾದಲ್ಲಿ ಬಂದರೆ ಅದು ಕೊರ್ಲಹಳ್ಳಿಯ ಪ್ರತಿ ಮೊಬೈಲಿಗೂ ಹೋಗುತ್ತದೆ. ಪಾತ್ರ ಬೇಕು, ಆದರೆ ಅದಕ್ಕೆ ಕೇಳಿದ್ದು ಆ ಮುಖವನ್ನೇ. “ವಿಚಾರ ಮಾಡ್ರಿ ಅಕ್ಕಾರ” ಎಂದೆ. ಇಂಥ ಹೊತ್ತಿನಲ್ಲಿ ಎಲ್ಲ ಗಂಡಸರೂ ಹೇಳುವ ಮಾತು ಅದು.

ನಾಲ್ಕಾರು ದಿನ ಅವರ ಸುಳಿವಿಲ್ಲ. ಆಮೇಲೆ ಒಂದು ಬೆಳಗ್ಗೆ ನಾನು ಸ್ಟುಡಿಯೋದ ಶಟರ್ ಎತ್ತುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದರು. ತಲೆ ಎರೆದುಕೊಂಡಿದ್ದರು, ಒದ್ದೆ ಬಿಳಿಗೂದಲು ಬೆನ್ನ ಮೇಲೆ ಹರಡಿತ್ತು. ಮುಖಕ್ಕೆ ಏನೂ ಇಲ್ಲ.

“ತಗಿ,” ಅಂದರು. “ವಿಚಾರ ಮಾಡಿದೆ. ಅಂವ ತೋರಸಬ್ಯಾಡ ಅಂದದ್ದು ಹದಿನೇಳು ವರ್ಷದ ಹುಡುಗೀ ಮಾರಿ. ಅದು ಯಾವಾಗೋ ಹೋತು. ಇದು ಬ್ಯಾರೇದು. ಮಾತು ಮುರದಂಗ ಆಗೂದಿಲ್ಲ.”

ಗದಗದ ಕೋರ್ಟಿನ ವಕೀಲರು ಯಾರೂ ಇಷ್ಟು ಚೆನ್ನಾಗಿ ವಾದ ಮಾಡಲಾರರು ಎಂದು ನನಗೆ ಅನಿಸಿತು. ಕಿಟಕಿಯ ಪರದೆ ಸರಿಸಿ ಸ್ಟೂಲಿನ ಮೇಲೆ ಕೂಡಿಸಿದೆ. ಆದರೆ ಕ್ಯಾಮೆರಾ ಎತ್ತಿದ ಕೂಡಲೇ ಬೆರಳು ಕೆನ್ನೆಗೆ ಹೋಯಿತು, ಕಣ್ಣು ಮಾಳಿಗೆಗೆ. ಬೆರಳು ಇಳಿಸಿದರೆ ತುಟಿಯ ಮೇಲೆ ಹೀರೋಯಿನ್ ನಗೆ. ಸಾಕಾಗಿ ನಾನು, “ಅಕ್ಕಾರ, ನಿಮ್ಮವ್ವ ರೊಟ್ಟಿ ಹೆಂಗ ಬಡೀತಿದ್ಲರಿ?” ಎಂದು ಕೇಳಿದೆ. ಬೇಕೆಂದೇ ಕೇಳಿದ್ದಲ್ಲ, ಬಾಯಿಗೆ ಬಂದದ್ದು. ಅವರು ಕೈ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು. ಹೇಳಬೇಕೋ ಬೇಡವೋ ಎನ್ನುವ ಹಾಗೆ. ಆಗ ಒತ್ತಿದೆ.

ಕಂಪ್ಯೂಟರಿನಲ್ಲಿ ಫೋಟೋ ತೆರೆದು ತೋರಿಸಿದಾಗ ಸ್ಟೂಲನ್ನು ಹತ್ತಿರ ಎಳೆದುಕೊಂಡರು. “ನಮ್ಮವ್ವ ಕುಂತಾಳ ನೋಡೋ,” ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಆದ್ರ ನಮ್ಮವ್ವ ನನಗಿಂತ ಕೆಂಪಿದ್ಲು” ಎಂದರು.

ಪರಿಚಯಪತ್ರ ಮಾಡಲು ಇಡೀ ಮಧ್ಯಾಹ್ನ ಹಿಡಿಯಿತು. ನಾನು ಕೇಳುವುದು, ಅವರು ಹೇಳುವುದು, ನಾನು ಟೈಪ್ ಮಾಡುವುದು. ವಯಸ್ಸು ಕೇಳಿದೆ. “ಪಾತ್ರಕ್ಕ ಎಷ್ಟು ಬೇಕಂತ?” ಎಂದು ತಿರುಗಿ ಕೇಳಿದರು. ಎತ್ತರಕ್ಕೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. ಹಿಮ್ಮಡಿ ಎತ್ತಿದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಭಾಷೆ ಎಂದರೆ ಕನ್ನಡ, ಸಾಬರ ಮಾತು, ಒಂದಿಷ್ಟು ಮರಾಠಿ. ವಿಶೇಷ ಕೌಶಲ ಏನು ಎಂದಾಗ ಹುರುಪು ಬಂತು.

“ಬರಿ. ಅಳೂದು. ಕಣ್ಣಿಗೆ ಏನೂ ಹಚ್ಚೂದು ಬ್ಯಾಡ, ಬಲಗಣ್ಣಿಂದ ಅಂದ್ರ ಬಲಗಣ್ಣಿಂದ, ಎಡಗಣ್ಣಿಂದ ಅಂದ್ರ ಎಡಗಣ್ಣಿಂದ. ಕರೆಂಟ್ ಹೋದ್ರ ಡೈಲಾಗ್ ನಿಲ್ಲಸಂಗಿಲ್ಲ ಅಂತ ಬರಿ. ಎದುರಿನ ಪಾತ್ರಧಾರಿ ಕುಡದು ಬಂದು ಮಾತು ಮರತ್ರ ಅಂವಂದೂ ನಾನ ಹೇಳ್ತೀನಿ ಅಂತ ಬರಿ.”

ನಾನು ಎಲ್ಲವನ್ನೂ ಬರೆದೆ. ಒಂದಿಷ್ಟು ಸಭ್ಯ ಭಾಷೆಗೆ ಇಳಿಸಿದೆ, ಅಷ್ಟೇ. ಪಾತ್ರಗಳ ಸರದಿ ಬಂದಾಗ ಜಗಳವಾಯಿತು. ಒಂದೇ ಪುಟ, ನಾಲ್ಕೈದು ಪಾತ್ರ ಆರಿಸಿ ಎಂದರೆ, “ಉಳದವರು ಏನ್ ಪಾಪ ಮಾಡ್ಯಾರು?” ಎಂದು ಕೂತರು. ಎಲ್ಲ ಪಾತ್ರಗಳೂ ತಮ್ಮ ಹೊಟ್ಟೆಯಲ್ಲಿ ಹುಟ್ಟಿದವೇ ಎನ್ನುವ ಹಾಗೆ. ಕಡೆಗೆ ಐದು ಆರಿಸಿದರು. ದೊಡ್ಡ ಹೆಸರಿನ ರಾಣಿ ಪಾತ್ರಗಳೆಲ್ಲ ಬಿದ್ದುಹೋಗಿ, ಯಾವುದೋ ನಾಟಕದಲ್ಲಿ ಬರೀ ನೀರು ತಂದುಕೊಡುವ ಒಬ್ಬ ಮುದುಕಿ ಉಳಿದುಕೊಂಡಿದ್ದಳು. ಯಾಕೆ ಎಂದೆ. “ಆಕೀಗೆ ಒಂದೂ ಮಾತಿಲ್ಲ. ಆದ್ರ ಜನ ಆಕೀನ್ನ ನೋಡ್ತಿದ್ರು,” ಎಂದರು.

ಕೊನೆಗೆ ಹುಟ್ಟಿದ ಊರು. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕಾದೆ.

“ಗದಗ ಅಂತ ಬರಿ,” ಅಂದರು.

ಬರೆದು ಕಳಿಸಿದೆ. ಸಿನಿಮಾದವರು ಫೋಟೋ ಮೆಚ್ಚಿಕೊಂಡರು, ವಿಡಿಯೋ ಕಳಿಸಿ ಎಂದರು. ಅದನ್ನೂ ನಾನೇ ಮಾಡಿದೆ. ಹಳ್ಳಿ ಸ್ಟೇಜಿನಲ್ಲಿ ಮುಂದೆ ಮೈಕು ತೂಗಿಬಿಟ್ಟಿರುತ್ತಾರೆ, ಮಾತು ಬಂದವರು ಮೈಕಿನ ಹತ್ತಿರ ಬಂದು ಹೇಳಿ ಹಿಂದೆ ಸರಿಯುತ್ತಾರೆ. ಬಾಯಾರು ಪ್ರತಿ ಮಾತಿಗೂ ಎರಡು ಹೆಜ್ಜೆ ಮುಂದೆ ಬಂದು ಕ್ಯಾಮೆರಾಕ್ಕೆ ಮೂಗು ತಾಗಿಸುವರು. ದನಿಯಂತೂ ಕಟ್ಟಕಡೆಯ ಸಾಲಿನವನಿಗೆ. “ಅಕ್ಕಾರ, ಮೈಕ್ ಇಲ್ರೀ, ನಾ ಒಬ್ಬನ ಅದೀನಿ” ಎಂದು ಹೇಳಿ ಹೇಳಿ ನಾನು ಸೋತೆ. ಮಾತಿಲ್ಲದ ತುಣುಕು ಮಾತ್ರ, ಸುಮ್ಮನೆ ಬಾಗಿಲ ಕಡೆ ನೋಡುವುದು, ಮೈ ಜುಮ್ಮೆನ್ನುವಂತೆ ಬಂತು.

ಸಿನಿಮಾದವರಿಂದ ಮತ್ತೆ ಉತ್ತರ ಬರಲಿಲ್ಲ. ಬಹಳ ದಿನದ ಮೇಲೆ ಗೆಳೆಯ ಹೇಳಿದ: ಬೆಂಗಳೂರಿನ ನಟಿಯೊಬ್ಬರು ಸಿಕ್ಕರಂತೆ, ಅವರಿಗೆ ನಮ್ಮ ಕಡೆಯ ಮಾತು ಕಲಿಸುತ್ತಿದ್ದಾರಂತೆ. ನನಗೆ ಮೈಯೆಲ್ಲ ಉರಿಯಿತು. ಬಾಯಾರು, “ಕಲೀಲಿ ಬಿಡೋ, ನಮ್ಮ ಮಾತು ಒಬ್ಬಾಕಿಗೆ ಹೆಚ್ಚಿಗಿ ಬಂದಂಗಾತು” ಎಂದು ಬಸಿಗೆ ಚಹಾ ಹೊಯ್ದುಕೊಂಡರು. ಆದರೆ ಊದುವುದನ್ನು ಮರೆತು ಬಾಯಿ ಸುಟ್ಟುಕೊಂಡರು.

ಆ ಫೋಟೋ ಅವರ ಮೊಬೈಲಿನಲ್ಲಿ ಉಳಿಯಿತು. ಆಗಾಗ ತೆಗೆದು ನೋಡುವರು. “ಯಾರ್ ನೋಡಾಕತ್ತೀರಿ?” ಎಂದರೆ “ನಮ್ಮವ್ವನ್ನ” ಎನ್ನುವರು.

ಮುಂದಿನ ಸುಗ್ಗಿಗೆ ಕೊರ್ಲಹಳ್ಳಿಯ ಹುಡುಗರು ಬಂದರು, ಬಾಯಾರನ್ನು ಗೊತ್ತು ಮಾಡಿ, ಹ್ಯಾಂಡ್‌ಬಿಲ್ಲಿಗೆ ನನ್ನ ಹತ್ತಿರ. ಬಾಯಾರೂ ಜೊತೆಗೇ ಬಂದಿದ್ದರು. ತಾಯಿಯ ಪಾತ್ರ. ನಾನು ಹಳೆಯ ಮಲ್ಲಿಗೆ ಫೋಟೋ ತೆರೆದೆ.

“ಅದಲ್ಲ,” ಎಂದರು ಬಾಯಾರು. “ಅವ್ವನ ಫೋಟೋ ಹಾಕು. ಬಣ್ಣ ಇಲ್ಲದ್ದು.”

ಹುಡುಗರು ಪರದೆಯ ಮೇಲೆ ಅದನ್ನು ನೋಡಿ ಮುಖ ಮುಖ ನೋಡಿಕೊಂಡರು. ಒಬ್ಬ ಧೈರ್ಯ ಮಾಡಿ, “ಅಕ್ಕಾರ, ಇದನ್ನ ನೋಡಿ ಜನ ಬರಂಗಿಲ್ರಿ” ಎಂದ.

“ಬರೂವ್ರು ಬರ್ತಾರ. ಬ್ಯಾಡಂದ್ರ ನಾ ಬರಂಗಿಲ್ಲ. ಮತ್ತ, ತಮ್ಮಾ, ಆ ಕುಮಾರಿ ತಗದು ಹಾಕು. ಗದಗ ಅಂತ ಐತಲ್ಲ, ಅದನ್ನೂ ತಗಿ.”

“ಏನ್ ಹಾಕ್ಲಿರಿ?”

ಅವರು ಹುಡುಗರ ಕಡೆ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. “ಕೊರ್ಲಹಳ್ಳಿ,” ಎಂದರು.

ಹುಡುಗರಿಗೆ ಏನು ತಿಳಿಯಿತೋ ಬಿಟ್ಟಿತೋ, ಮತ್ತೆ ಯಾರೂ ತಕರಾರು ಮಾಡಲಿಲ್ಲ. ನಾನು ಆ ಊರಿನ ಹೆಸರನ್ನು ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಕೂಡಿಸಿದೆ. ಇಷ್ಟು ವರ್ಷ ನೂರಾರು ಹ್ಯಾಂಡ್‌ಬಿಲ್ ಮಾಡಿದವನು ಅವತ್ತು ಆ ಒಂದು ಹೆಸರಿನ ಕಾಗುಣಿತವನ್ನು ಮೂರು ಸಲ ನೋಡಿದೆ.

ನಾಟಕದ ವಿಡಿಯೋ ಮಾಡಲು ನಾನೂ ಹೋದೆ. ಹ್ಯಾಂಡ್‌ಬಿಲ್ ಊರ ತುಂಬ ಹಂಚಿಯಾಗಿತ್ತು. ಚಹಾದ ಅಂಗಡಿಯ ಗೋಡೆಯ ಮೇಲೂ ಅಂಟಿಸಿದ್ದರು. ಬಾಯಾರು ಮಾತ್ರ ಹಿಂದಿನಂತೆಯೇ ಮುಂಡರಗಿಯಲ್ಲಿ ಬಣ್ಣ ಹಚ್ಚಿಕೊಂಡೇ ಬಂದಿದ್ದರು. ಫೋಟೋವನ್ನು ಮುಂದೆ ಕಳಿಸಿದ್ದರೇ ಹೊರತು ತಾವು ಬಣ್ಣವಿಲ್ಲದೆ ಬಸ್ಸು ಇಳಿಯುವ ಧೈರ್ಯ ಅವರಿಗೆ ಇರಲಿಲ್ಲ. ಪರದೆ ಏಳುವ ಮೊದಲು ನನ್ನನ್ನು ಕರೆದು, “ನಮ್ಮಣ್ಣ ಬಂದು ಕುಂತಾನೇನು ನೋಡು” ಎಂದರು.

“ನಾ ಹೆಂಗ ಗುರುತು ಹಿಡೀಲ್ರಿ?”

“ನನ್ನಂಗ ಹಣಿ ಅಗಲ.”

ಕ್ಯಾಮೆರಾದಲ್ಲಿ ಮುಂದಿನ ಸಾಲುಗಳನ್ನೆಲ್ಲ ಜಾಲಾಡಿದೆ. ಕೂತ ಮುದುಕರೆಲ್ಲ ಹಣೆ ಮುಚ್ಚುವಂತೆ ಪಟಕಾ ಸುತ್ತಿಕೊಂಡಿದ್ದರು. ಸಿಗಲಿಲ್ಲ ಎಂದೆ. ಅವರು ತಲೆಯಾಡಿಸಿ ಸ್ಟೇಜಿಗೆ ಹೋದರು. ಅವತ್ತಿನ ಪಾತ್ರದ ಬಗ್ಗೆ ಏನು ಹೇಳಲಿ? ಬಾಯಾರು ಮೈಕಿನ ಹತ್ತಿರವೇ ಬರಲಿಲ್ಲ. ಹಿಂದೆ ನಿಂತು ಮಾತಾಡಿದರು, ಜನ ಉಸಿರು ಬಿಗಿಹಿಡಿದು ಕೇಳಿದರು. ಆಯೇರಿ ಮಾಡಿ ನಡುವೆ ನಾಟಕ ತಡೆಯಲು ಒಬ್ಬರೂ ಏಳಲಿಲ್ಲ. ಅವರ ಆಟ ಅಷ್ಟು ಚೆನ್ನಾಗಿತ್ತು.

ನಾಟಕ ಮುಗಿದಾಗ ಬೆಳಕು ಹರಿದಿತ್ತು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ. ಉಳಿದ ಕಲಾವಿದೆಯರು ಬಣ್ಣ ಅಳಿಸಿಕೊಂಡು ಸೀರೆ ಬದಲಿಸಿದರು. ಬಾಯಾರು ಸ್ಟೇಜಿನ ಹಿಂದೆ ತಮ್ಮ ಟ್ರಂಕಿನ ಮೇಲೆ ಬಣ್ಣದಲ್ಲೇ ಕೂತಿದ್ದರು. ಮುಂಡರಗಿ ಬಸ್ಸಿಗೆ ಹೊತ್ತಾಗಿತ್ತು. “ಏಳ್ರೀ ಅಕ್ಕಾರ” ಎಂದೆ. “ತಡಿ” ಎಂದರು. ಮತ್ತೆ ಕರೆದೆ, ಮತ್ತೆ “ತಡಿ”. ಇನ್ನು ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಅವರಿಗೂ ಗೊತ್ತಾಗಿತ್ತು ಎಂದುಕೊಂಡೆ. ನನಗೆ ಆ ಊರಿನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಸ್ಟೇಜು ಬಿಚ್ಚುತ್ತಿದ್ದ ಹುಡುಗರು ಕೈ ನಿಲ್ಲಿಸಿ ದಾರಿ ಬಿಟ್ಟರು. ದೋತರ ಉಟ್ಟ ಒಬ್ಬ ಮುದುಕರು ನಿಧಾನವಾಗಿ ನಡೆದು ಬಂದರು. ಒಂದು ಕೈಯಲ್ಲಿ ಬಡಿಗೆ, ಇನ್ನೊಂದರಲ್ಲಿ ನೀರು ತುಂಬಿದ ತಾಮ್ರದ ತಂಬಿಗೆ. ತಲೆಗೆ ಏನೂ ಸುತ್ತಿರಲಿಲ್ಲ, ಹಣೆ ಅಗಲವಾಗಿತ್ತು. ಬಾಯಾರು ಎದ್ದು ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

ಮುದುಕರು ನನ್ನ ಕಡೆ ತಿರುಗಿ, “ಬಸ್ಸು ಯಾವಾಗೈತಿ?” ಎಂದು ಕೇಳಿದರು.

“ಈಗ ಬರತೈತ್ರಿ.”

“ಹೋಗ್ಲಿ ಅದು,” ಎಂದರು. ಆಮೇಲೆ ತಂಬಿಗೆಯನ್ನು ತಂಗಿಯ ಮುಂದೆ ಹಿಡಿದು, “ಮಾರಿ ತೊಳಕೊ” ಎಂದರು.

ಬಾಯಾರು ಬೊಗಸೆಯೊಡ್ಡಿದರು. ಅಣ್ಣ ನೀರು ಹಾಕಿದರು. ಅವರು ಒಮ್ಮೆ ಮುಖಕ್ಕೆ ಹಚ್ಚಿಕೊಂಡರು. ಬಣ್ಣ ಹೋಗಲಿಲ್ಲ, ಕಲಸಿಕೊಂಡು ಕೆನ್ನೆಯ ಮೇಲೆ ಹರಿಯಿತು. ಅದರಲ್ಲಿ ನೀರೆಷ್ಟು ಕಣ್ಣೀರೆಷ್ಟು ದೇವರೇ ಬಲ್ಲ.

“ಬರೇ ನೀರಿಗೆ ಹೋಗೂದಿಲ್ಲೋ ಅಣ್ಣಾ,” ಎಂದರು. ಎದುರಿನ ಮಗ್ಗ ನಿಲ್ಲಿಸುತ್ತಿದ್ದ ಆ ದನಿ ಅವತ್ತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. “ಕೊಬ್ಬರಿಯೆಣ್ಣಿ ಬೇಕು.”

ಅವರ ಟ್ರಂಕಿನಲ್ಲಿ ಎಣ್ಣೆಯ ಬಾಟಲಿ ಇತ್ತು. ನನಗೆ ಗೊತ್ತಿತ್ತು.

“ಮನ್ಯಾಗ ಐತಿ,” ಎಂದರು ಮುದುಕರು. “ನಡಿ.”